ಧೂಳು ಹೀರುವ ಯಂತ್ರವೂ ಮನೆಯವರ ಉಸಿರೂ

“ನಮ್ಮ ಮನೆಯಲ್ಲಿ ಉಬ್ಬಸದಿಂದ ಬಳಲುವ ಮಗುವೊಂದಿದೆ. ವ್ಯಾಕ್ಯೂಮ್ ಕ್ಲೀನರ್ ಎಂಬ ಧೂಳು ಹೀರುವ ಯಂತ್ರವನ್ನು ಕೊಳ್ಳಬೇಕೆಂದಿದ್ದೇವೆ. ಅಂಗಡಿಯಲ್ಲಿ ಹತ್ತಾರು ಬಗೆಗಳಿವೆ. ಯಾವುದನ್ನು ಆರಿಸತಕ್ಕದ್ದು?” ಎಂದು ಓದುಗ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದ್ದಾರೆ. ಜೀವಮಾನವೆಲ್ಲ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಕಳೆದ ಉಪಾಧ್ಯಾಯನಿಗೆ ಯಂತ್ರಗಳ ವಿಚಾರದಲ್ಲಿ ಮಾತನಾಡುವ ಅಧಿಕಾರವೆಲ್ಲಿಯದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ ಸರಿ. ಆದರೆ ಅಧಿಕಾರದಲ್ಲಿ ಎರಡು ಬಗೆ ಉಂಟು. ಓದಿ ತಿಳಿದವನದು ಒಂದು; ತಪ್ಪುಮಾಡಿ, ಅದರ ಫಲವನ್ನು ಕಣ್ಣಾರೆ ಕಂಡು, ತಿದ್ದಿಕೊಂಡವನದು ಇನ್ನೊಂದು. ನಮ್ಮದು ಎರಡನೆಯದು. ಆದುದರಿಂದ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು, ಅನಂತರ ಪ್ರಶ್ನೆಗೆ ಉತ್ತರ ಹೇಳುವೆವು.

ಮೂರು ವರ್ಷಗಳ ಕೆಳಗೆ, ಏಳನೆಯ ವಯಸ್ಸಿನಲ್ಲಿ, ನಮ್ಮ ಮೊಮ್ಮಗಳಿಗೆ ಉಬ್ಬಸ ಕಾಣಿಸಿಕೊಂಡಿತು. ಈ ವ್ಯಾಧಿಯನ್ನು ಮನೆಯಲ್ಲಿ ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ನಡುರಾತ್ರಿಯಲ್ಲಿ ಮಗು ಎದ್ದು ಕುಳಿತು, ಎರಡು ಕೈಗಳನ್ನೂ ಹಾಸಿಗೆಯ ಮೇಲೂರಿ, ಒಂದೊಂದು ಉಸಿರಿಗೂ ಭುಜಗಳನ್ನೆತ್ತಿ ಹೋರಾಡುವುದನ್ನು ನೋಡುತ್ತಿದ್ದರೆ, ಹತ್ತಿರದಲ್ಲಿರುವ ದೊಡ್ಡವರಿಗೆ ತಮ್ಮ ಉಸಿರೇ ಅಪರಾಧವೆಂದು ತೋರುತ್ತದೆ. ಪರೀಕ್ಷಿಸಿದ ವೈದ್ಯರು ಪ್ರತಿದಿನವೂ ಸೇದಿಕೊಳ್ಳಬೇಕಾದ ಇನ್‌ಹೇಲರ್ ಔಷಧವನ್ನು ಕೊಟ್ಟರು. ಮನೆಯ ಧೂಳನ್ನು ಕಡಿಮೆಮಾಡಿರೆಂದೂ ಹೇಳಿದರು. ಎರಡು ಮಾತುಗಳಲ್ಲಿ ಎರಡನೆಯದು ನಮಗೆ ಹಿಡಿಸಿತು. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆಂಬ, ಬೀದಿಯಲ್ಲೆಲ್ಲ ಕೇಳಿಬರುವ ಸುಳ್ಳನ್ನು ನಂಬಿದವರಲ್ಲಿ ನಾವೂ ಒಬ್ಬರಾಗಿದ್ದೆವು. ಒಳ್ಳೆಯ ಯಂತ್ರವೊಂದನ್ನು ತಂದು ಧೂಳನ್ನೇ ನಿರ್ಮೂಲಮಾಡಿದರೆ ಔಷಧದ ಗೊಡವೆಯೇಕೆ ಎಂದು ತರ್ಕಿಸಿ ಅಂಗಡಿಗೆ ಹೋದೆವು. ಪೆಟ್ಟಿಗೆಯ ಮೇಲೆ ಅತಿ ದೊಡ್ಡ ವ್ಯಾಟ್ ಸಂಖ್ಯೆಯನ್ನು ಮುದ್ರಿಸಿದ್ದ ಯಂತ್ರವನ್ನು ಕೊಂಡುತಂದೆವು. ಚೀಲವಿಲ್ಲದೆ ಪಾರದರ್ಶಕವಾದ ಡಬ್ಬಿಯೊಳಗೆ ಧೂಳನ್ನು ತುಂಬಿಕೊಳ್ಳುವ ಯಂತ್ರವದು. ಧೂಳು ಸುತ್ತುತ್ತ ಶೇಖರವಾಗುವುದು ಕಣ್ಣಿಗೆ ಕಾಣುತ್ತಿದ್ದುದರಿಂದ ಅದರ ಮೇಲೆ ನಮಗೆ ವಿಶ್ವಾಸವೂ ಹೆಚ್ಚಿತು.

ನವರಾತ್ರಿ ಬಂದಿತು. ಸರಸ್ವತೀಪೂಜೆಗೆ ಪುಸ್ತಕಗಳನ್ನು ಇಳಿಸಿ ಒರೆಸುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಒರೆಸುವುದಕ್ಕೆ ಬದಲಾಗಿ ಯಂತ್ರವನ್ನು ಹೂಡಿದೆವು. ಮಗು ಸಂತೋಷದಿಂದ ಕೊಳವೆಯನ್ನು ಹಿಡಿದುಕೊಂಡಳು. ಮೂವತ್ತು ವರ್ಷಗಳ ಧೂಳು ಡಬ್ಬಿಗೆ ಬಿದ್ದಿತು. ಅದನ್ನು ಹಿತ್ತಿಲಿಗೆ ಒಯ್ದು ಕಸದ ಬುಟ್ಟಿಯ ಮೇಲೆ ಕವುಚಿದಾಗ ಬೂದುಬಣ್ಣದ ಮೋಡವೊಂದು ಎದ್ದಿತು. ಮಗು ಪಕ್ಕದಲ್ಲೇ ನಿಂತಿದ್ದಳು. ಔಷಧವನ್ನು ನಿಲ್ಲಿಸಿ ಆಗಲೇ ಎರಡು ವಾರಗಳಾಗಿದ್ದವು. ಆ ರಾತ್ರಿ ಎರಡು ಗಂಟೆಗೆ ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ಬೆಳಗಿನ ಜಾವದ ಹೊತ್ತಿಗೆ ಅವಳ ತುಟಿಗಳಿಗೆ ಬಣ್ಣ ಮರಳಿತು. ಪೂಜೆಯ ದಿನವನ್ನು ನಾವು ವಾರ್ಡಿನ ಬೆಂಚಿನ ಮೇಲೆ ಕಳೆದೆವು.

ವಿಚಾರಿಸಿದ ವೈದ್ಯರು ಬೈಯಲಿಲ್ಲ. ಔಷಧವನ್ನು ಏಕೆ ನಿಲ್ಲಿಸಿದಿರೆಂದು ಕೇಳಿ, ಉತ್ತರವನ್ನು ಕೇಳಿಸಿಕೊಂಡು, “ಮೇಷ್ಟರೇ, ಯಂತ್ರ ಗಾಳಿಯನ್ನು ಎಳೆದುಕೊಳ್ಳುವುದನ್ನು ನೀವು ನೋಡಿದಿರಿ. ಅದು ಉಸಿರು ಬಿಡುವುದನ್ನು ನೋಡಿದಿರಾ?” ಎಂದರು. ನಮ್ಮ ಓದುಗರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಯಂತ್ರ ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದಲ್ಲ. ಎಳೆದ ಧೂಳನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆಯೋ, ಇಲ್ಲವೇ ಸಣ್ಣಗೆ ಜರಡಿಹಿಡಿದು ನಮ್ಮ ಮುಖಕ್ಕೇ ಊದುತ್ತದೆಯೋ ಎಂಬುದು ಮುಖ್ಯ.

ಇದರ ಮರ್ಮ ಈ ಯಂತ್ರದ ಚರಿತ್ರೆಯಿಂದಲೇ ತಿಳಿಯುತ್ತದೆ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಧೂಳನ್ನು ಊದುವುದಕ್ಕೆ ಬದಲಾಗಿ ಹೀರುವ ಉಪಾಯವನ್ನು ಕಂಡುಹಿಡಿದನು. ಆತನ ಯಂತ್ರವು ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿತ್ತು. ಉದ್ದವಾದ ಕೊಳವೆಗಳು ಮಾತ್ರ ಕಿಟಕಿಗಳ ಮೂಲಕ ಮನೆಯೊಳಕ್ಕೆ ಹೋಗುತ್ತಿದ್ದವು. ಎಂದರೆ ಯಂತ್ರವು ಎಳೆಯುತ್ತಿದ್ದುದು ಮನೆಯೊಳಗಿನ ಗಾಳಿಯನ್ನು, ಬಿಡುತ್ತಿದ್ದುದು ಬೀದಿಯಲ್ಲಿ. ಅನಂತರ 1907ರಲ್ಲಿ ಅಮೆರಿಕದ ಓಹಾಯೋ ಪ್ರಾಂತ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಜೇಮ್ಸ್ ಮರೆ ಸ್ಪ್ಯಾಂಗ್ಲರ್ ಎಂಬಾತನು ಮನೆಯೊಳಗೆ ಒಬ್ಬನೇ ತಳ್ಳಿಕೊಂಡು ಹೋಗಬಹುದಾದ ವಿದ್ಯುತ್ ಯಂತ್ರವನ್ನು ಮಾಡಿದನು. ಈತನು ದೊಡ್ಡ ಅಂಗಡಿಯೊಂದರಲ್ಲಿ ಗುಡಿಸುವ ಕೆಲಸದವನು, ಅರುವತ್ತನ್ನು ಸಮೀಪಿಸಿದ್ದವನು, ಎಲ್ಲಕ್ಕಿಂತ ಹೆಚ್ಚಾಗಿ, ಉಬ್ಬಸದ ರೋಗಿ. ಜಮಖಾನೆ ಗುಡಿಸುವಾಗ ಏಳುವ ಧೂಳೇ ತನ್ನ ಕಾಯಿಲೆಗೆ ಕಾರಣವೆಂದು ಶಂಕಿಸಿ, ವಿದ್ಯುತ್ ಬೀಸಣಿಗೆಯ ಮೋಟಾರಿಗೆ ಪೊರಕೆಯ ಹಿಡಿಯನ್ನೂ ದಿಂಬಿನ ಚೀಲವನ್ನೂ ಕಟ್ಟಿ ಮೊದಲ ಮಾದರಿಯನ್ನು ಸಿದ್ಧಮಾಡಿದನು. 1908ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಹೂವರ್ ಎಂಬ ಚರ್ಮದ ಸಾಮಾನುಗಳ ವ್ಯಾಪಾರಿಯು ಅದನ್ನು ಕೊಂಡು ಜಗತ್ತಿಗೆಲ್ಲ ಹರಡಿದನು. ಮನೆಯೊಳಗಿನ ಈ ಯಂತ್ರವು ಉಬ್ಬಸದವನೊಬ್ಬನ ಕಷ್ಟದಿಂದಲೇ ಹುಟ್ಟಿತೆಂಬುದು ನೆನಪಿಡತಕ್ಕ ಸಂಗತಿ. ಆದರೆ ಯಂತ್ರವು ಬೀದಿಯಿಂದ ಮನೆಯೊಳಕ್ಕೆ ಬಂದಾಗ ಅದರ ನಿಶ್ವಾಸವೂ ಒಳಕ್ಕೆ ಬಂದಿತು. ದಿಂಬಿನ ಬಟ್ಟೆ ಕಸವನ್ನು ತಡೆಯುವುದೇ ಹೊರತು ಅತಿ ಸೂಕ್ಷ್ಮವಾದ ಧೂಳನ್ನು ತಡೆಯಲಾರದಷ್ಟೆ.

ಸೂಕ್ಷ್ಮವೆಂದರೆ ಎಷ್ಟು? ನಮ್ಮ ಪೂರ್ವಿಕರು ಕಿಟಕಿಯ ಜಾಲರಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ಕುಣಿಯುವ ಕಣವನ್ನು ತ್ರಸರೇಣುವೆಂದು ಕರೆದರು. ಮನುಸ್ಮೃತಿಯಲ್ಲಿ ತೂಕಗಳ ಲೆಕ್ಕ ಆರಂಭವಾಗುವುದು ಅದರಿಂದಲೇ. ಕಣ್ಣಿಗೆ ಕಾಣುವುದರಲ್ಲಿ ಅದಕ್ಕಿಂತ ಸಣ್ಣದಿಲ್ಲವೆಂಬುದು ಅವರ ಎಣಿಕೆ. ಆದರೆ ಎದೆಯನ್ನು ಕಾಡುವ ಕಣಗಳಲ್ಲಿ ಅನೇಕವು ಕಣ್ಣಿಗೆ ಕಾಣದವು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮೈಕ್ರಾನ್ ಎಂದು ಹೆಸರು. ಬೆಕ್ಕಿನ ಮೈಯಿಂದ ಬರುವ ಅಲರ್ಜಿಕಾರಕ ಕಣಗಳಲ್ಲಿ ಎಷ್ಟೋ 5 ಮೈಕ್ರಾನಿಗಿಂತ ಸಣ್ಣವು. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ.

ಅಂತಹ ಕಣಗಳನ್ನು ಹಿಡಿಯುವುದಕ್ಕಾಗಿಯೇ ಹೆಪಾ ಎಂಬ ಶೋಧಕವಿದೆ. ಇದು 1940ರ ದಶಕದಲ್ಲಿ ಅಮೆರಿಕದ ಪರಮಾಣು ಯೋಜನೆಯಲ್ಲಿ, ವಿಕಿರಣ ಸೂಸುವ ಧೂಳನ್ನು ತಡೆಯುವುದಕ್ಕೆ ಹುಟ್ಟಿದ್ದು. ನೂಲಿನಂತಹ ನವಿರಾದ ಎಳೆಗಳನ್ನು ಒತ್ತಾಗಿ ಹರಡಿ, ಮಡಿಕೆಮಡಿಕೆಯಾಗಿ ಮಡಿಸಿ ಇದನ್ನು ಮಾಡುತ್ತಾರೆ. ಇದು ಜರಡಿಯಲ್ಲ. ದಪ್ಪ ಕಣಗಳು ಗಾಳಿಯೊಡನೆ ಥಟ್ಟನೆ ತಿರುಗಲಾರದೆ ಎಳೆಗಳಿಗೆ ಬಡಿದು ಅಂಟಿಕೊಳ್ಳುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದಾಡಿ ಎಳೆಗಳಿಗೆ ತಾಗುತ್ತವೆ. ಎರಡರ ನಡುವೆ, ಸುಮಾರು 0.3 ಮೈಕ್ರಾನಿನ ಕಣವೇ ತಪ್ಪಿಸಿಕೊಳ್ಳುವುದರಲ್ಲಿ ನಿಪುಣವಾದುದು. ಆದುದರಿಂದಲೇ ಪರೀಕ್ಷೆಯನ್ನೂ ಅಲ್ಲಿಯೇ ಮಾಡುತ್ತಾರೆ. ಅಮೆರಿಕದ ನಿಯಮದಂತೆ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡ 99.97ನ್ನು ಹಿಡಿಯುವುದೇ ಹೆಪಾ. ಯೂರೋಪಿನವರ ವರ್ಗೀಕರಣದಲ್ಲಿ ಎಚ್13 ಎಂಬುದು ಶೇಕಡ 99.95ನ್ನೂ, ಎಚ್14 ಎಂಬುದು 99.995ನ್ನೂ ಹಿಡಿಯತಕ್ಕದ್ದು, ಇ10 ಎಂಬುದು ಶೇಕಡ 85ನ್ನು ಹಿಡಿದರೆ ಸಾಕು. ಪೆಟ್ಟಿಗೆಯ ಮೇಲೆ “ಹೆಪಾ ಮಾದರಿಯ” ಅಥವಾ “ಹೆಪಾದಂತಹ” ಎಂದಷ್ಟೇ ಇದ್ದರೆ, ವ್ಯಾಕರಣ ಬಲ್ಲವರು ಕೂಡಲೇ ಎಚ್ಚರಗೊಳ್ಳಬೇಕು. ಉಪಮಾನವೇ ಬೇರೆ, ಉಪಮೇಯವೇ ಬೇರೆ; ಚಂದ್ರನಂತಹ ಮುಖವು ಚಂದ್ರನಲ್ಲ. ವರ್ಗವನ್ನೋ ಶೇಕಡಾಂಶವನ್ನೋ ಅಂಕೆಯಲ್ಲಿ ಬರೆದಿರುವ ಯಂತ್ರವನ್ನೇ ಆರಿಸತಕ್ಕದ್ದು.

ಶೋಧಕವು ಉತ್ತಮವಾಗಿದ್ದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಂತ್ರದ ಮೈಯಲ್ಲಿ, ಮುಚ್ಚಳದಲ್ಲಿ, ಕೊಳವೆಯ ಸಂದಿನಲ್ಲಿ ಬಿರುಕಿದ್ದರೆ ಗಾಳಿಯು ಶೋಧಕದ ಹಾದಿಯನ್ನು ಬಿಟ್ಟು ಸುಲಭವಾದ ಹಾದಿಯನ್ನೇ ಹಿಡಿಯುತ್ತದೆ. ಕೋಟೆಯ ಹೆಬ್ಬಾಗಿಲಿಗೆ ಕಾವಲಿಟ್ಟು ಗೋಡೆಯಲ್ಲಿ ಕಂಡಿ ಬಿಟ್ಟಂತೆ. ಆದಕಾರಣ ಶೋಧಕದೊಡನೆ ಇಡೀ ಯಂತ್ರವೇ ಸೋರದಂತೆ ಮುದ್ರಿತವಾಗಿದೆಯೇ, ಮುಚ್ಚಳದ ಸುತ್ತ ರಬ್ಬರಿನ ಪಟ್ಟಿಯಿದೆಯೇ ಎಂದು ವಿಚಾರಿಸಬೇಕು. ಮನೆಗೆ ತಂದಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ಕಿಟಕಿಯಿಂದ ಬಿಸಿಲಿನ ಕೋಲು ಬೀಳುವ ಹೊತ್ತಿನಲ್ಲಿ, ಯಂತ್ರವು ಗಾಳಿ ಬಿಡುವ ಕಡೆಯನ್ನು ಅದರತ್ತ ತಿರುಗಿಸಿ, ನೆಲದ ಧೂಳನ್ನು ಕೆದಕದಷ್ಟು ಎತ್ತರದಲ್ಲಿಟ್ಟು ನಡೆಸಿನೋಡಿ. ತ್ರಸರೇಣುಗಳು ಹೊಸದಾಗಿ ಹೊರಬಂದರೆ ಯಂತ್ರವು ನಿರುಪಯೋಗಿ. ಬಾರದಿದ್ದರೆ ಅದು ಪೂರ್ಣವಾಗಿ ಉತ್ತಮವೆಂದು ಅರ್ಥವಲ್ಲ. ದೊಡ್ಡ ದೋಷವಿಲ್ಲವೆಂದು ಮಾತ್ರ ಅರ್ಥ.

ಇನ್ನು ಚೀಲವೋ ಡಬ್ಬಿಯೋ ಎಂಬ ಪ್ರಶ್ನೆ. ಡಬ್ಬಿಯ ಯಂತ್ರಕ್ಕೆ ಮತ್ತೆಮತ್ತೆ ಚೀಲ ಕೊಳ್ಳುವ ಖರ್ಚಿಲ್ಲ, ನಿಜ. ಆದರೆ ಅದನ್ನು ಬರಿದುಮಾಡುವಾಗ ಏಳುವ ಮೋಡವನ್ನು ನಾವು ಕಂಡವರು. ಹಲವು ಪದರಗಳ ಕೃತಕ ನಾರಿನ, ತೆಗೆಯುವಾಗ ಬಾಯಿ ತಾನೇ ಮುಚ್ಚಿಕೊಳ್ಳುವ ಚೀಲವಿದ್ದರೆ ಧೂಳು ಹಿಡಿದದ್ದು ಹಿಡಿದಂತೆಯೇ ಕಸಕ್ಕೆ ಹೋಗುತ್ತದೆ. ಉಬ್ಬಸದವರಿರುವ ಮನೆಗೆ ಚೀಲದ ಯಂತ್ರವೇ ಮೇಲೆಂಬುದು ನಮ್ಮ ಅಭಿಪ್ರಾಯ. ಆದರೆ ಆ ಚೀಲಗಳೂ ಶೋಧಕಗಳೂ ನಿಮ್ಮ ಊರಿನಲ್ಲಿ ದೊರೆಯುತ್ತವೆಯೇ, ಬೆಲೆಯೆಷ್ಟು ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಚೀಲ ಸಿಗದೆ ಮೂಲೆ ಸೇರಿದ ಯಂತ್ರ ಎಷ್ಟು ಉತ್ತಮವಾಗಿದ್ದರೇನು? ನೀರಿನ ಮೂಲಕ ಗಾಳಿಯನ್ನು ಹಾಯಿಸುವ ಯಂತ್ರಗಳೂ ಉಂಟು. ನೀರಿನ ಗುಳ್ಳೆಯೊಳಗೆ ಅಡಗಿದ ಸಣ್ಣ ಕಣಗಳು ಒದ್ದೆಯಾಗದೆಯೇ ಪಾರಾಗಬಲ್ಲವು. ಆದುದರಿಂದ ಅದಕ್ಕೂ ಕೊನೆಯಲ್ಲಿ ಹೆಪಾ ಬೇಕು. ಕೆಲಸವಾದೊಡನೆ ಕೊಳೆನೀರನ್ನು ಚೆಲ್ಲಿ ಪಾತ್ರೆಯನ್ನು ಒಣಗಿಸದಿದ್ದರೆ ಬೂಸಲು ಬೆಳೆದು, ಧೂಳನ್ನು ಕಳೆಯಹೋಗಿ ಬೂಸಲನ್ನು ಸಾಕಿದಂತಾಗುತ್ತದೆ. ತೊಳೆಯಬಹುದಾದ ಶೋಧಕವಾದರೂ ಹಾಗೆಯೇ. ಪೂರ್ತಿಯಾಗಿ ಒಣಗಿದ ಮೇಲೆಯೇ ಅದನ್ನು ಮತ್ತೆ ಹಾಕಬೇಕು.

ವ್ಯಾಟಿನ ಸಂಖ್ಯೆಯನ್ನು ನಂಬಿ ಕೆಟ್ಟವರು ನಾವು. ಅದರ ಬಗ್ಗೆಯೂ ಒಂದು ಮಾತು. ವ್ಯಾಟ್ ಎಂಬುದು ಯಂತ್ರವು ಉಣ್ಣುವ ವಿದ್ಯುತ್ತಿನ ಅಳತೆ. ಮಾಡುವ ಕೆಲಸದ ಅಳತೆಯಲ್ಲ. ಹೆಚ್ಚು ಉಣ್ಣುವವನೇ ಹೆಚ್ಚು ದುಡಿಯುವವನೆಂದು ಯಾವ ಗೃಹಸ್ಥನೂ ಹೇಳಲಾರನು. ಯೂರೋಪಿನ ಒಕ್ಕೂಟವು 2014ರಲ್ಲಿ 1600 ವ್ಯಾಟನ್ನೂ 2017ರಲ್ಲಿ 900 ವ್ಯಾಟನ್ನೂ ಮನೆಬಳಕೆಯ ಯಂತ್ರಗಳಿಗೆ ಮಿತಿಯಾಗಿ ವಿಧಿಸಿತು. ಅಲ್ಲಿನ ಮನೆಗಳು ಅದರಿಂದ ಕೊಳಕಾಗಲಿಲ್ಲ. ಹಾಗೆಯೇ ಮನೆಗೆ ಬಂದು ನಿಮ್ಮ ಹಾಸಿಗೆಯಿಂದಲೇ ಧೂಳನ್ನು ಹೀರಿ, ಕರಿಬಟ್ಟೆಯ ಮೇಲೆ ಸುರಿದು ತೋರಿಸುವ ಮಾರಾಟಗಾರರ ಪ್ರದರ್ಶನಕ್ಕೂ ಬೆದರಬೇಕಾಗಿಲ್ಲ. ಯಾರ ಹಾಸಿಗೆಯನ್ನು ಹೀರಿದರೂ ಅಷ್ಟು ಧೂಳು ಬಂದೇ ಬರುತ್ತದೆ. ಅದರಿಂದ ಹಾಸಿಗೆಯಲ್ಲಿ ಧೂಳಿದೆಯೆಂಬುದು ಸಿದ್ಧವಾಗುತ್ತದೆಯೇ ವಿನಾ, ಆ ಯಂತ್ರದ ಬೆನ್ನಿನಿಂದ ಏನು ಹೊರಬರುತ್ತಿದೆಯೆಂಬುದು ಸಿದ್ಧವಾಗುವುದಿಲ್ಲ.

ಯಂತ್ರವನ್ನು ಆರಿಸಿದ್ದಾಯಿತು. ಅದನ್ನು ಎಲ್ಲಿ ಉಪಯೋಗಿಸಬೇಕು? ನಮ್ಮ ದೇಶದ ಮನೆಗಳಲ್ಲಿ ಸಾಮಾನ್ಯವಾಗಿ ನೆಲಕ್ಕೆ ಜಮಖಾನೆ ಹೊಡೆದಿರುವುದಿಲ್ಲ. ಗಾರೆಯ ನೆಲವಾಗಲಿ ಕಲ್ಲಿನ ನೆಲವಾಗಲಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಯಂತ್ರದಷ್ಟೇ ಪ್ರಯೋಜನವುಂಟು. ಒಣ ಪೊರಕೆಯಿಂದ ಗುಡಿಸಿದರೆ ಮಾತ್ರ ಧೂಳೇಳುತ್ತದೆ. ಯಂತ್ರದ ನಿಜವಾದ ಕ್ಷೇತ್ರವೆಂದರೆ ಹಾಸಿಗೆ, ಸೋಫಾ, ಪರದೆ, ಕಿಟಕಿಯ ಜಾಲರಿ, ಪುಸ್ತಕದ ಕಪಾಟು. ಅದರಲ್ಲಿಯೂ ಹಾಸಿಗೆಯೇ ಪ್ರಧಾನ. 1964ರಲ್ಲಿ ಹಾಲೆಂಡಿನ ಲೈಡನ್ನಿನ ವಿದ್ವಾಂಸರು ಮನೆಯ ಧೂಳಿನ ಅಲರ್ಜಿಗೆ ಮೂಲವು ಧೂಳುನುಸಿ ಎಂಬ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಗಾತ್ರದ ಜಂತುವೆಂದು ಪ್ರತಿಪಾದಿಸಿದರು. ಅದು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ, ಅದರ ಮಲವೇ ನಮಗೆ ಒಗ್ಗದ ವಸ್ತು. ಅದು ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ ಕರಾವಳಿ ಮಲೆನಾಡುಗಳ ಮಳೆಗಾಲ ಅದಕ್ಕೆ ಸುಗ್ಗಿ. ಜೀವಂತ ನುಸಿಗಳು ಬಟ್ಟೆಯ ಎಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಯಂತ್ರವು ಅವುಗಳ ಮಲವನ್ನು ಎಳೆಯುವಷ್ಟು ಸುಲಭವಾಗಿ ಅವುಗಳನ್ನು ಎಳೆಯಲಾರದು. ಹೊದಿಕೆ ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದರೆ ಅವು ಸಾಯುತ್ತವೆ. ಅಷ್ಟು ಬಿಸಿ ಕೈಗೆ ತಾಳಲಾರದು. ಬಟ್ಟೆಯನ್ನು ನೆನೆಹಾಕಿ ಕೋಲಿನಿಂದ ತಿರುವಬೇಕು, ಮಕ್ಕಳನ್ನು ದೂರವಿಡಬೇಕು.

ಯಂತ್ರವನ್ನು ನಡೆಸುವವರು ಯಾರೆಂಬುದೂ ಮುಖ್ಯವೇ. ರೋಗಿಯಂತೂ ಖಂಡಿತ ಕೂಡದು. ಎಂತಹ ಯಂತ್ರವಾದರೂ ಮೂತಿಯು ತಾಗಿದ ಕಡೆಯಲ್ಲಿ ಧೂಳು ಸ್ವಲ್ಪ ಏಳುವುದೇ ಸರಿ. ಆ ವೇಳೆಯಲ್ಲಿ ರೋಗಿಯು ಬೇರೆ ಕಡೆ ಇದ್ದು, ಕಿಟಕಿಗಳನ್ನು ತೆರೆದು, ಕೆಲಸ ಮುಗಿದ ಅರ್ಧ ಗಂಟೆಯಾದರೂ ಕಳೆದ ಮೇಲೆ ಒಳಗೆ ಬರತಕ್ಕದ್ದು. ಮನೆಯ ಗೃಹಿಣಿಗೇ ಉಬ್ಬಸವಿದ್ದರೆ? ಅನೇಕ ಮನೆಗಳಲ್ಲಿ ಧೂಳಿನ ಕೆಲಸವೆಲ್ಲ ಉಬ್ಬಸವಿರುವ ಹೆಂಗಸಿನದೇ ಆಗಿರುವುದನ್ನು ಕಂಡಿದ್ದೇವೆ. ಅಲ್ಲಿ ಯಂತ್ರಕ್ಕಿಂತ ಮೊದಲು ಬದಲಾಗಬೇಕಾದುದು ಅದನ್ನು ಹಿಡಿಯುವ ಕೈ. ಬೇರೆ ಯಾರೂ ಇಲ್ಲದ ಮನೆಯಲ್ಲಿ ಮುಖಕ್ಕೆ ಸರಿಯಾಗಿ ಕೂಡುವ ಮಾಸ್ಕನ್ನು ಧರಿಸಿಯೇ ಅವರು ಕೆಲಸಕ್ಕೆ ಕೈಹಾಕಬೇಕು.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಧೂಳಿಗೂ ಉಬ್ಬಸಕ್ಕೂ ಇರುವ ಸಂಬಂಧ ಇಂದಿನವರ ಶೋಧನೆ ಮಾತ್ರವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳು, ಹೊಗೆ, ಗಾಳಿ, ಶೀತಸ್ಥಾನಗಳನ್ನು ಎಣಿಸಿದೆ. ತಮಕಶ್ವಾಸದ ರೋಗಿಗೆ ಮಲಗಿದರೆ ಕಷ್ಟ, ಕುಳಿತರೆ ಸುಖವೆಂದೂ ಹೇಳಿದೆ. ಆದರೆ ಕಾರಣವೊಂದನ್ನು ಕಡಿಮೆಮಾಡಿದರೆ ವ್ಯಾಧಿಯೇ ಹೋಗುವುದೆಂಬ ಅನುಮಾನ ಸಾಧುವಲ್ಲ. ಈ ಯಂತ್ರವೊಂದರಿಂದಲೇ ಉಬ್ಬಸ ಇಳಿಯುವುದೆಂದು ವೈದ್ಯಶಾಸ್ತ್ರದ ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ. ಅದು ವೈದ್ಯರ ಔಷಧಕ್ಕೆ ಸಹಾಯಕವೇ ಹೊರತು ಪ್ರತಿನಿಧಿಯಲ್ಲ. ಹಣ ಸ್ವಲ್ಪವೇ ಇದ್ದ ಗೃಹಸ್ಥರು ಮೊದಲು ಔಷಧಕ್ಕೆ, ಆಮೇಲೆ ಹಾಸಿಗೆ ದಿಂಬುಗಳ ಒತ್ತು ನೇಯ್ಗೆಯ ಗವಸಿಗೆ, ಉಳಿದರೆ ಯಂತ್ರಕ್ಕೆ ಖರ್ಚುಮಾಡಲಿ. ಮನೆಯೊಳಗೆ ಬೀಡಿ ಸಿಗರೇಟುಗಳನ್ನು ನಿಲ್ಲಿಸುವುದಕ್ಕೂ, ಊದುಬತ್ತಿ ಸೊಳ್ಳೆಬತ್ತಿಗಳ ಹೊಗೆಯನ್ನು ಬಿಡುವುದಕ್ಕೂ ಕಾಸೂ ಖರ್ಚಿಲ್ಲ. ದೇವರ ಮುಂದೆ ದೀಪ ಉರಿದರೆ ಸಾಲದೆ?

ಹಳೆಯ ಯಂತ್ರವನ್ನು ನಾವು ಯಾರಿಗೂ ಕೊಡಲಿಲ್ಲ. ಚೀಲವುಳ್ಳ, ಮೈಯೆಲ್ಲ ಭದ್ರವಾಗಿ ಮುಚ್ಚಿದ, ಎಚ್13 ಶೋಧಕದ ಸಾಧಾರಣ ಶಕ್ತಿಯ ಯಂತ್ರವೊಂದು ಈಗ ಮನೆಯಲ್ಲಿದೆ. ಕಳೆದ ನವರಾತ್ರಿಯಲ್ಲಿ ಪುಸ್ತಕಗಳನ್ನು ಇಳಿಸಿದವರು ನಾವು. ಯಂತ್ರ ಹಿಡಿದವರೂ ನಾವು. ಮಗು ಪಕ್ಕದ ಮನೆಯಲ್ಲಿ ಪಗಡೆಯಾಡುತ್ತಿದ್ದಳು. ಸಂಜೆ ಬಂದು, ಯಾರೂ ಹೇಳದೆ, ಕಪಾಟಿನಿಂದ ತನ್ನ ಇನ್‌ಹೇಲರನ್ನು ತೆಗೆದುಕೊಂಡು ಎರಡು ಸಲ ಸೇದಿ, ಬಾಯಿ ಮುಕ್ಕಳಿಸಿದಳು. ಆ ರಾತ್ರಿ ಎರಡು ಗಂಟೆಗೆ ನಮಗೆ ಎಚ್ಚರವಾಯಿತು. ಮೂರು ವರ್ಷಗಳಿಂದ ಅದೇ ಅಭ್ಯಾಸವಾಗಿದೆ. ಬಾಗಿಲ ಬಳಿ ನಿಂತು ಕಿವಿಗೊಟ್ಟೆವು. ಮಲಗಿದ ಮಗುವಿನ ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು. ನಮ್ಮ ಓದುಗರ ಮನೆಯಲ್ಲಿಯೂ ಹಾಗೆಯೇ ಆಗಲಿ.